ನರನಾಳದ ದೋಷಗಳು

ನರನಾಳದ ದೋಷಗಳು ಎಂದರೆ ಭ್ರೂಣದಲ್ಲಿ ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವಾಗ ಉಂಟಾಗುವ ಜನ್ಮಜಾತ ನ್ಯೂನತೆಗಳು. ಭ್ರೂಣದ ಬೆನ್ನಿನ ಭಾಗದಲ್ಲಿರುವ ಚಪ್ಪಟೆಯಾದ ಕೋಶಪದರವು ಅಂಚುಗಳಲ್ಲಿ ಮೇಲೆದ್ದು, ಮಡಿಚಿ, ಕೂಡಿಕೊಂಡು ಕೊಳವೆಯಾಗುತ್ತದೆ. ಇದೇ ನರನಾಳ. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಇದು ಪೂರ್ಣವಾಗಿ ಮುಚ್ಚಿಕೊಳ್ಳಬೇಕು. ಆ ವೇಳೆಗೆ ಮುಟ್ಟು ತಪ್ಪಿ ಎರಡು ವಾರವಷ್ಟೇ ಕಳೆದಿರುವುದರಿಂದ ಅನೇಕ ಸ್ತ್ರೀಯರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ.

ನಾಳವು ತಲೆಯ ತುದಿಯಲ್ಲಿ ಮುಚ್ಚದಿದ್ದರೆ ಅನೆನ್ಸೆಫಲಿ ಉಂಟಾಗುತ್ತದೆ. ಮಿದುಳಿನ ಬಹುಭಾಗವೂ ತಲೆಬುರುಡೆಯೂ ಬೆಳೆಯದ ಇಂತಹ ಶಿಶುಗಳು ಬದುಕುಳಿಯುವುದಿಲ್ಲ. ಬೆನ್ನಿನ ಭಾಗದಲ್ಲಿ ತೆರೆದೇ ಉಳಿದರೆ ಸ್ಪೈನಾ ಬೈಫಿಡಾ. ಇದರೊಂದಿಗೆ ಹುಟ್ಟಿದ ಮಕ್ಕಳು ಶಸ್ತ್ರಚಿಕಿತ್ಸೆಯಿಂದ ಬಾಳಬಲ್ಲರಾದರೂ ಕಾಲುಗಳ ದೌರ್ಬಲ್ಯ, ಮಲಮೂತ್ರಗಳ ಹತೋಟಿ ಇಲ್ಲದಿರುವುದು, ಮಿದುಳಿನಲ್ಲಿ ದ್ರವ ತುಂಬಿಕೊಳ್ಳುವುದು ಮುಂತಾದ ತೊಂದರೆಗಳು ಅನೇಕರಲ್ಲಿ ಉಳಿಯುತ್ತವೆ.

ಕಾರಣಗಳು

ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ಅನುವಂಶೀಯತೆ ಮತ್ತು ಪರಿಸರಗಳೆರಡೂ ಸೇರಿ ಪರಿಣಾಮ ಬೀರುತ್ತವೆ. ಕೋಶಗಳು ತ್ವರಿತವಾಗಿ ವಿಭಜಿಸಲು ಅಗತ್ಯವಾದ ಫೋಲೇಟ್ ಎಂಬ ಬಿ ಜೀವಸತ್ವದ ಕೊರತೆ ಇವುಗಳಲ್ಲಿ ಮುಖ್ಯವಾದದ್ದು. ಹತೋಟಿಯಲ್ಲಿಲ್ಲದ ಮಧುಮೇಹ, ಬೊಜ್ಜು, ಮೂರ್ಛೆರೋಗಕ್ಕೆ ನೀಡುವ ವ್ಯಾಲ್ಪ್ರೊಯೇಟ್ ಔಷಧಿ, ಹಿಂದಿನ ಮಗುವಿನಲ್ಲಿ ಇದೇ ದೋಷ ಕಂಡುಬಂದಿರುವುದು ಅಪಾಯವನ್ನು ಹೆಚ್ಚಿಸುತ್ತವೆ. ಗ್ರಹಣಕಾಲದಲ್ಲಿ ಗರ್ಭಿಣಿ ಹೊರಗೆ ಬಂದರೆ ಮಗುವಿಗೆ ಊನವಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಅದು ತಾಯಿಯ ಮೇಲೆ ಇಲ್ಲದ ತಪ್ಪನ್ನು ಹೊರಿಸುತ್ತದೆ.

ತಡೆಗಟ್ಟುವಿಕೆ

ಫೋಲೇಟಿನ ಶೋಧಕ್ಕೆ ಮುಂಬಯಿಯ ನಂಟಿದೆ. 1930ರ ಸುಮಾರಿಗೆ ಅಲ್ಲಿನ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಯೀಸ್ಟ್ ಸಾರದಿಂದ ಅದು ಗುಣವಾಗುವುದನ್ನು ಕಂಡರು. ಆ ಸಾರದಲ್ಲಿದ್ದ ಅಂಶವೇ ಫೋಲೇಟ್ ಎಂದು ಅನಂತರ ತಿಳಿದುಬಂದಿತು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ನಡೆಸಿ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದೆ ಇಂತಹ ಗರ್ಭ ಧರಿಸಿದ್ದ ಸ್ತ್ರೀಯರು ಗರ್ಭಧಾರಣೆಗೆ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಸೇವಿಸಿದಾಗ ದೋಷದ ಮರುಕಳಿಕೆ ಶೇ. 72ರಷ್ಟು ತಗ್ಗಿತು.

ಉಳಿದವರಿಗೆ ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ ಮೊದಲ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಹಸಿರು ಸೊಪ್ಪು, ಕಾಳುಗಳಲ್ಲಿ ಫೋಲೇಟ್ ಇದೆ. ಬೇಯಿಸುವಾಗ ಅದು ನೀರಿಗಿಳಿಯುವುದರಿಂದ ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ರೂಢಿ ಒಳ್ಳೆಯದೇ. ಆದರೂ ಆಹಾರವೊಂದರಿಂದಲೇ ಅಗತ್ಯ ಪ್ರಮಾಣ ದೊರೆಯುವುದು ಕಷ್ಟ. ಗರ್ಭವು ಖಚಿತವಾಗಿ, ಹೆಸರು ನೋಂದಾಯಿಸಿದ ಮೇಲೆ ಆರಂಭಿಸಿದ ಗುಳಿಗೆಯು ರಕ್ತಹೀನತೆಯನ್ನು ತಡೆಯಬಲ್ಲದು, ಆದರೆ ಆ ವೇಳೆಗೆ ನರನಾಳ ಮುಚ್ಚುವ ಕಾಲ ಸಾಮಾನ್ಯವಾಗಿ ಮೀರಿರುತ್ತದೆ. ಯೋಜಿಸದೆ ಬರುವ ಬಸಿರುಗಳೂ ಹಲವು. ಈ ಕಾರಣದಿಂದಲೇ ಅಮೆರಿಕ 1998ರಿಂದ ಗೋಧಿ ಹಿಟ್ಟು ಮೊದಲಾದ ಧಾನ್ಯೋತ್ಪನ್ನಗಳಿಗೆ ಫೋಲಿಕ್ ಆಮ್ಲ ಬೆರೆಸುವುದನ್ನು ಕಡ್ಡಾಯಗೊಳಿಸಿತು, ಅಲ್ಲಿ ಈ ದೋಷಗಳು ಗಣನೀಯವಾಗಿ ಇಳಿದವು.

ಮೂರ್ಛೆರೋಗದ ಔಷಧಿ ಸೇವಿಸುತ್ತಿರುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಮಗುವನ್ನು ಬಯಸುವ ಮುನ್ನವೇ ವೈದ್ಯರನ್ನು ಕಂಡರೆ ಔಷಧಿಯನ್ನು ಬದಲಾಯಿಸಲು ಸಮಯವಿರುತ್ತದೆ.