ಪೆನ್ಸಿಲ್ ಮೀಸೆಯ ಹುಡುಗ

ಹದಿನೈದು-ಹದಿನಾರರ ಹುಡುಗ. ಮೀಸೆ ಇನ್ನೂ ಸರಿಯಾಗಿ ಚಿಗುರಿಲ್ಲ. ಹುಬ್ಬು ತೀಡೋ ಪೆನ್ಸಿಲ್ ತಗೊಂಡು ಮೂಗಿನ ಕೆಳಗೆ ಮೀಸೆ ಬರ್ಕೊಂಡು ನ್ಯೂಯಾರ್ಕಿನ 52ನೇ ಬೀದಿಗೆ ಹೊರಡ್ತಾನೆ. ಅಲ್ಲಿನ ಕ್ಲಬ್ಬುಗಳಲ್ಲಿ ಹೆಂಡ ಮಾರ್ತಾರೆ, ಹಾಗಾಗಿ ಚಿಕ್ಕವರನ್ನ ಒಳಗೆ ಬಿಡೋ ಹಾಗಿಲ್ಲ. ಇವನಿಗೆ ಬೇಕಾಗಿದ್ದು ಹೆಂಡ ಅಲ್ಲ, ಚಾರ್ಲಿ ಪಾರ್ಕರ್. ಹುಡುಗನ ಹೆಸರು ಸಾನಿ ರಾಲಿನ್ಸ್. ಜಾಝ್ ಕೇಳುವವರಿಗೆ ಈ ಹೆಸರಿನ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು: ಸ್ಯಾಕ್ಸೊಫೋನ್ ನುಡಿಸಿದವರಲ್ಲಿ ಇವನನ್ನು ಮೀರಿಸಿದವರು ಬಹಳ ಕಡಿಮೆ.

1940ರ ದಶಕದ 52ನೇ ಬೀದಿ ಅಂದ್ರೆ ಹಳೇ ಮನೆಗಳ ಸಾಲು. ಓನಿಕ್ಸ್, ತ್ರೀ ಡ್ಯೂಸಸ್, ಸ್ಪಾಟ್‌ಲೈಟ್, ಹೀಗೆ ಒಂದರ ಪಕ್ಕ ಒಂದು ಕ್ಲಬ್ಬು, ಹೆಚ್ಚಿನವು ನೆಲಮಾಳಿಗೆಯಲ್ಲಿ. ಇಕ್ಕಟ್ಟಾದ ಉದ್ದ ಕೋಣೆ, ಪುಟ್ಟ ವೇದಿಕೆ. ರೇಡಿಯೋದಲ್ಲಿ, ಪ್ಲೇಟಿನಲ್ಲಿ ಕೇಳಿದ್ದ ಮನುಷ್ಯ ಕೈಗೆಟುಕುವಷ್ಟು ಹತ್ತಿರ ನಿಂತು ಬೆವರ್ತಾ ನುಡಿಸ್ತಿರ್ತಾನೆ. ಅವನು ಉಸಿರು ಎಳ್ಕೊಳ್ಳೋದು ಎಲ್ಲಿ, ಬೆರಳು ಎತ್ತೋದು ಹೇಗೆ, ಎಲ್ಲ ಕಾಣತ್ತೆ. ಆಗಿನ ಹುಡುಗರಿಗೆ ಇದೇ ಪಾಠಶಾಲೆ.

ರಾಲಿನ್ಸ್ ಬೆಳೆದಿದ್ದು ಹಾರ್ಲೆಮ್‌ನ ಶುಗರ್ ಹಿಲ್‌ನಲ್ಲಿ. ಅವನ ದೇವರು ಕೋಲ್ಮನ್ ಹಾಕಿನ್ಸ್, 1939ರಲ್ಲಿ ‘ಬಾಡಿ ಅಂಡ್ ಸೋಲ್’ ನುಡಿಸಿ ಎಲ್ಲರನ್ನೂ ಬೆರಗುಗೊಳಿಸಿದ್ದ ಹಾಕಿನ್ಸ್, ಅದೇ ಕಡೆ ವಾಸವಾಗಿದ್ದ. ಹುಡುಗ ಒಂದು ಫೋಟೋ ಹಿಡ್ಕೊಂಡು ಅವನ ಮನೆ ಮೆಟ್ಟಿಲ ಮೇಲೆ ಕಾದು ಕೂತ. ಹಾಕಿನ್ಸ್ ಬಂದ, ಸಹಿ ಹಾಕಿದ. ಹೈಸ್ಕೂಲಲ್ಲಿದ್ದಾಗಲೇ ಇನ್ನೊಂದು ಬಾಗಿಲೂ ತೆರೀತು: ಸಂಜೆ ಶಾಲೆ ಬಿಟ್ಟ ಮೇಲೆ ತೆಲೋನಿಯಸ್ ಮಂಕ್ ಮನೆಗೆ ಹೋಗಿ, ಅಲ್ಲಿ ಸೇರ್ತಿದ್ದ ದೊಡ್ಡವರ ಜೊತೆ ತಾಲೀಮು. (ನಂಗೆ ನಿಜವಾಗಿಯೂ ಹೊಟ್ಟೆಕಿಚ್ಚಾಗೋದು ಇದಕ್ಕೆ. ನಮಗೆ ಸಂಜೆ ಟ್ಯೂಷನ್ ಇರ್ತಿತ್ತು.)

ಮುಂದಿನ ಹುಡುಗರಿಗೆ ಪೆನ್ಸಿಲ್ ಬೇಕಾಗಲಿಲ್ಲ. 1949ರ ಡಿಸೆಂಬರಿನಲ್ಲಿ ಬ್ರಾಡ್‌ವೇಯಲ್ಲಿ ಪಾರ್ಕರ್‌ನ ಅಡ್ಡಹೆಸರಿನಲ್ಲೇ ‘ಬರ್ಡ್‌ಲ್ಯಾಂಡ್’ ಶುರುವಾಯ್ತಲ್ಲ, ಅಲ್ಲಿ ಒಂದು ಪಕ್ಕ ಸ್ಟೇಡಿಯಮ್ಮಿನ ಥರ ಬೆಂಚು ಹಾಕಿದ್ರು. ಪ್ರವೇಶದ ದುಡ್ಡು ಕೊಟ್ರೆ ಸಾಕು, ಕುಡಿಯಲೇಬೇಕು ಅಂತಿಲ್ಲ. ಕುಡಿಯೋ ವಯಸ್ಸಾಗದ ಹುಡುಗರೂ ಒಂದು ತಂಪು ಪಾನೀಯ ಹಿಡ್ಕೊಂಡು ರಾತ್ರಿಯೆಲ್ಲ ಕೂರಬಹುದಿತ್ತು. ವ್ಯಾಪಾರದ ಲೆಕ್ಕದಲ್ಲಿ ಆ ಜಾಗ ನಷ್ಟವೇ ಇರಬೇಕು. ನನ್ನ ಪ್ರಕಾರ ಆ ಕ್ಲಬ್ಬಿನ ಅತ್ಯಂತ ಬೆಲೆಬಾಳುವ ಪೀಠೋಪಕರಣ ಅದೇ.

ವಯಸ್ಸಿನ ಬಾಗಿಲು ದಾಟೋಕೆ ಹೀಗೆ ದಾರಿಗಳಿದ್ವು. ಚರ್ಮದ ಬಣ್ಣ ನೋಡಿ ಮುಚ್ಚೋ ಬಾಗಿಲುಗಳೂ ಇದ್ವು. 1944ರಲ್ಲಿ ಬಿಲ್ಲಿ ಎಕ್‌ಸ್ಟೈನ್‌ನ ತಂಡ ಸೇಂಟ್ ಲೂಯಿಸ್‌ಗೆ ಬಂತು. ಪಾರ್ಕರ್, ಡಿಝಿ ಗಿಲೆಸ್ಪಿ, ಆರ್ಟ್ ಬ್ಲೇಕಿ ಎಲ್ಲ ಒಂದೇ ತಂಡದಲ್ಲಿ. ಮೊದಲು ಗೊತ್ತಾಗಿದ್ದ ಪ್ಲಾಂಟೇಶನ್ ಕ್ಲಬ್ಬು ಬಿಳಿಯರಿಗೆ ಮಾತ್ರ. ಕಪ್ಪು ಕಲಾವಿದರು ಹಿಂದಿನ ಬಾಗಿಲಿಂದ ಬರಬೇಕು. ಇವರು ಮುಂದಿನ ಬಾಗಿಲಿಂದಲೇ ಒಳಗೆ ಹೋದ್ರು. ಕೆಲಸ ಹೋಯ್ತು. ಕಪ್ಪು ಜನರದ್ದೇ ಆದ ರಿವಿಯೆರಾ ಕ್ಲಬ್ಬಿಗೆ ಬಂದು ನುಡಿಸಿದ್ರು.

ಅಲ್ಲಿಗೆ ಕೇಳೋಕೆ ಬಂದಿದ್ದ ಹದಿನೆಂಟರ ಒಬ್ಬ ಹುಡುಗ, ಕೈಯಲ್ಲಿ ಟ್ರಂಪೆಟ್. ತಂಡದ ಟ್ರಂಪೆಟ್‌ನವನೊಬ್ಬನಿಗೆ ಕಾಯಿಲೆ. ಗಿಲೆಸ್ಪಿ ಕೇಳಿದ್ದು ಒಂದೇ: ಯೂನಿಯನ್ ಕಾರ್ಡ್ ಇದೆಯಾ? ಇತ್ತು. ಎರಡು ವಾರ ಹುಡುಗ ಪಾರ್ಕರ್ ಜೊತೆಗೇ ವೇದಿಕೆ ಮೇಲೆ. ಆ ತಂಡ ತಲೆ ತಗ್ಗಿಸಿ ಹಿಂದಿನ ಬಾಗಿಲಲ್ಲಿ ಹೋಗಿದ್ರೆ ಆ ಹುಡುಗ ಪ್ಲಾಂಟೇಶನ್ ಹೊರಗೆ ಬೀದಿಯಲ್ಲೇ ನಿಂತಿರ್ತಿದ್ದ. ಅವನು ಮೈಲ್ಸ್ ಡೇವಿಸ್. ಕೆಲವೇ ವಾರದಲ್ಲಿ ಜೂಲಿಯಾರ್ಡ್‌ನಲ್ಲಿ ಓದ್ತೀನಿ ಅಂತ ನ್ಯೂಯಾರ್ಕಿಗೆ ಹೋದ, ಹೋಗಿ ಬೀದಿಬೀದಿ ಪಾರ್ಕರ್‌ನನ್ನ ಹುಡುಕಿದ. 1945ರ ನವೆಂಬರಿನಲ್ಲಿ ಪಾರ್ಕರ್‌ನ ರೆಕಾರ್ಡಿಂಗಿನಲ್ಲಿ ಟ್ರಂಪೆಟ್ ಅವನದೇ.

ಇದನ್ನ ಬರೀ ಸಿಹಿ ನೆನಪು ಮಾಡೋಕೆ ನನಗೆ ಇಷ್ಟವಿಲ್ಲ. 1959ರ ಆಗಸ್ಟ್. ‘ಕೈಂಡ್ ಆಫ್ ಬ್ಲೂ’ ಬಿಡುಗಡೆಯಾಗಿ ವಾರ ಕಳೆದಿದೆ ಅಷ್ಟೆ. ಬಿಡುವಿನ ಹೊತ್ತಲ್ಲಿ ಒಬ್ಬ ಬಿಳಿ ಹೆಂಗಸನ್ನ ಟ್ಯಾಕ್ಸಿ ಹತ್ತಿಸಿ, ಬರ್ಡ್‌ಲ್ಯಾಂಡ್ ಬಾಗಿಲ ಹೊರಗೆ ಡೇವಿಸ್ ಸಿಗರೇಟ್ ಸೇದ್ತಾ ನಿಂತಿದ್ದ. ಪೊಲೀಸಿನವನು ಬಂದು ಜಾಗ ಖಾಲಿ ಮಾಡು ಅಂದ. ಇಲ್ಲೇ ನುಡಿಸ್ತಿದ್ದೀನಿ, ಬೋರ್ಡಿನಲ್ಲಿ ನನ್ನ ಹೆಸರಿದೆ ಅಂದ್ರೂ ಕೇಳಲಿಲ್ಲ. ತಲೆ ಒಡೆದು ರಕ್ತ ಸುರೀತಿದ್ದವನನ್ನೇ ಬಂಧಿಸಿದ್ರು. ಆಮೇಲೆ ಕೋರ್ಟು ಬಿಟ್ಟಿತು, ಬಿಡಿ. ಒಳಗೆ ಬೆಂಚಿನ ಮೇಲೆ ಆ ರಾತ್ರಿ ಅವನಿಗೇ ಕಾದು ಕೂತಿದ್ದ ಹುಡುಗರೂ ಇದ್ದಿರಬೇಕು.

ರಾಲಿನ್ಸ್ ಮಾತ್ರ ಆ ಮೆಟ್ಟಿಲನ್ನ ಮರೀಲಿಲ್ಲ. 1962ರಲ್ಲಿ, ತಾನೇ ದೊಡ್ಡ ಹೆಸರಾಗಿದ್ದಾಗ, ಹಾಕಿನ್ಸ್ ಕಚೇರಿ ಕೇಳಿ ಅಭಿಮಾನಿಯ ಹಾಗೆ ಕಾಗದ ಬರೆದ. (ಮುಂದೆ ಬಾಂಬೆಯ ಪವಾಯಿ ಆಶ್ರಮದಲ್ಲಿ ಬಂದು ಇದ್ದದ್ದೂ ಇದೇ ರಾಲಿನ್ಸ್, ಅದು ಬೇರೆ ಕತೆ.) 1963ರ ಜುಲೈನಲ್ಲಿ ಇಬ್ಬರೂ ಸೇರಿ ‘ಸಾನಿ ಮೀಟ್ಸ್ ಹಾಕ್’ ಧ್ವನಿಮುದ್ರಿಸಿದ್ರು. ಗುರುವಿನ ಎದುರು ಶಿಷ್ಯ ವಿನಯದಿಂದ ಅವನ ಥರಾನೇ ನುಡಿಸ್ತಾನೆ ಅನ್ಕೊಂಡಿದ್ರೆ, ಇಲ್ಲ. ಕೀರಲು, ವಕ್ರ, ತುಂಡುತುಂಡು ಸ್ವರ. ಹಾಕಿನ್ಸ್‌ನ ದಾರಿಗೆ ಬೇಕಂತಲೇ ಅಡ್ಡ ಹೋಗ್ತಾನೆ. ಐವತ್ತೆಂಟರ ಹಾಕಿನ್ಸ್ ಸ್ವಲ್ಪವೂ ಅಲುಗಾಡಲ್ಲ, ತುಂಬು ದನಿಯಲ್ಲಿ ತನ್ನ ಪಾಡಿಗೆ ನುಡಿಸ್ತಾನೆ. ‘ಲವರ್ ಮ್ಯಾನ್’ನಿಂದ ಶುರು ಮಾಡಿ. ಇಯರ್‌ಫೋನ್ ಹಾಕ್ಕೊಂಡ್ರೆ ಯಾರು ಯಾರು ಅಂತ ಒಂದೇ ನಿಮಿಷದಲ್ಲಿ ಗೊತ್ತಾಗತ್ತೆ.