ಕೀಲಿಪದ: ಅದರ ಇತಿಹಾಸವೂ ವಿನಿಯೋಗವೂ

ಒಂದು ಬರಹವು ಎಷ್ಟೇ ಉತ್ತಮವಾಗಿದ್ದರೂ, ಬೇಕಾದವನ ಕೈಗೆ ಬೇಕಾದ ಹೊತ್ತಿನಲ್ಲಿ ಸಿಕ್ಕದೆ ಹೋದರೆ ಅದು ಇದ್ದೂ ಇಲ್ಲದಂತೆಯೇ ಸರಿ. ಈ ಕಾರಣದಿಂದ ಅಂತರಜಾಲದಲ್ಲಿ ಲೇಖನಗಳನ್ನು ಹರಡುವವರೂ ಪತ್ರಿಕಾ ಪ್ರಕಟಣೆಗಳನ್ನು ಕಳುಹಿಸುವವರೂ ‘ಕೀಲಿಪದ’ವೆಂಬುದರ ವಿಷಯದಲ್ಲಿ ಬಹಳ ಆಸ್ಥೆಯನ್ನು ವಹಿಸುತ್ತಾರೆ. ಹುಡುಕುವವನು ತನಗೆ ಬೇಕಾದ ವಿಷಯವನ್ನು ಯಾವ ಮಾತಿನಿಂದ ಕೇಳುವನೋ ಆ ಮಾತೇ ಕೀಲಿಪದ. ಇದು ವ್ಯಾಪಾರಿಗಳ ಗೊಡವೆ, ವಿದ್ವಾಂಸರಿಗೆ ಇದರಿಂದೇನು ಎಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಕೀಲಿಪದವು ಹುಟ್ಟಿದ್ದು ಪಂಡಿತರ ಕೈಯಲ್ಲಿ; ಅಂಗಡಿಬೀದಿಯನ್ನು ಸೇರಿದ್ದು ತೀರ ಈಚೆಗೆ. ಅದು ಅಲ್ಲಿ ಹೇಗೆ ಕೆಟ್ಟಿತು, ಕೆಟ್ಟುದರಿಂದ ನಾವು ಕಲಿಯತಕ್ಕುದೇನು ಎಂಬುದನ್ನು ಸಂಕ್ಷೇಪವಾಗಿ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೧

ಪದವೊಂದನ್ನು ಹಿಡಿದು ಗ್ರಂಥದೊಳಕ್ಕೆ ಹೋಗುವ ಕ್ರಮವು ನಮ್ಮಲ್ಲಿ ಬಹು ಪುರಾತನವಾದುದು. ಕಾತ್ಯಾಯನನದೆಂದು ಹೇಳುವ ಸರ್ವಾನುಕ್ರಮಣಿಯಲ್ಲಿ ಋಗ್ವೇದದ ಸೂಕ್ತಗಳನ್ನು ಅವುಗಳ ಆದಿಪದಗಳಿಂದ ಗುರುತಿಸಿ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವುಗಳನ್ನು ಹೇಳಿದೆ. ಈ ಆದಿಪದಕ್ಕೆ ‘ಪ್ರತೀಕ’ವೆಂದು ಹೆಸರು. ಸಂಹಿತೆಯೆಲ್ಲವನ್ನೂ ಕಂಠಸ್ಥವಾಗಿಟ್ಟುಕೊಂಡವನಿಗೆ ಪ್ರತೀಕವೊಂದು ದೊರೆತರೆ ಉಳಿದುದು ತಾನಾಗಿಯೇ ಒದಗುತ್ತಿತ್ತು.

ಗ್ರಂಥವನ್ನು ಬಾಯಿಪಾಠಮಾಡದವನಿಗೆ ಈ ಉಪಾಯವು ಸಾಲದು. ಅವನಿಗೆ ನಡುವಣ ಪದವೂ ಸಿಕ್ಕಬೇಕು. ಯೂರೋಪಿನಲ್ಲಿ ಈ ಕೆಲಸವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೈಕೊಂಡವರು ಪ್ಯಾರಿಸ್ ನಗರದ ಡೊಮಿನಿಕನ್ ಸನ್ಯಾಸಿಗಳು. ೧೨೩೦ರ ದಶಕದಲ್ಲಿ ಸೇಂಟ್ ಶೇರಿನ ಹ್ಯೂ ಎಂಬವನ ಮೇಲ್ವಿಚಾರಣೆಯಲ್ಲಿ ಅವರು ಲ್ಯಾಟಿನ್ ಬೈಬಲಿನ ಪದಾನುಕ್ರಮಣಿಕೆಯನ್ನು ಸಿದ್ಧಪಡಿಸಿದರು. ಆಗಿನ್ನೂ ವಚನಗಳಿಗೆ ಸಂಖ್ಯೆಗಳಿರಲಿಲ್ಲವಾದುದರಿಂದ ಒಂದೊಂದು ಅಧ್ಯಾಯವನ್ನೂ ಏಳು ಭಾಗಗಳಾಗಿ ವಿಂಗಡಿಸಿ, ಭಾಗಕ್ಕೊಂದು ಅಕ್ಷರವನ್ನಿಟ್ಟು ಸ್ಥಳವನ್ನು ಸೂಚಿಸಿದರು. ಇದರಲ್ಲಿ ಒಂದು ಕೊರತೆಯಿತ್ತು: ಪದವೂ ಸ್ಥಳವೂ ಇದ್ದುವೇ ಹೊರತು ಅಲ್ಲಿಯ ವಾಕ್ಯವಿರಲಿಲ್ಲ. ಆದ್ದರಿಂದ ಆ ಪಂಗಡದ ಇಂಗ್ಲಿಷ್ ಸನ್ಯಾಸಿಗಳು ಮುಂದೆ ವಾಕ್ಯಗಳನ್ನೂ ಸೇರಿಸಿದರು. ಅದು ಅತಿ ವಿಸ್ತಾರವಾಯಿತು. ಸಂದರ್ಭವಿಲ್ಲದ ಪದವು ಪ್ರಯೋಜನಕ್ಕೆ ಬಾರದು, ಸಂದರ್ಭವು ಹೆಚ್ಚಿದರೆ ಸೂಚಿಯು ಸೂಚಿಯಾಗಿ ಉಳಿಯದು ಎಂಬ ಈ ತೊಡಕು ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ.

ಅಚ್ಚಿನ ಗ್ರಂಥಗಳು ಹೆಚ್ಚಿದ ಮೇಲೆ ಸೂಚಿಯನ್ನು ತಯಾರಿಸುವುದೇ ಒಂದು ವಿದ್ಯೆಯಾಯಿತು. ಜ್ಯೂರಿಕ್ ನಗರದ ಕೊನ್ರಾಡ್ ಗೆಸ್ನರನು ೧೫೪೮ರಲ್ಲಿ, ಪದಗಳನ್ನು ಹಾಳೆಯ ಮೇಲೆ ಬರೆದು, ಚೀಟಿಗಳಾಗಿ ಕತ್ತರಿಸಿ, ಅಕ್ಷರಕ್ರಮದಲ್ಲಿ ಜೋಡಿಸುವ ವಿಧಾನವನ್ನು ವಿವರಿಸಿದನು. ಅಲೆಕ್ಸಾಂಡರ್ ಕ್ರೂಡನನು ಇಂಗ್ಲಿಷ್ ಬೈಬಲಿಗೆ ರಚಿಸಿದ ಅನುಕ್ರಮಣಿಕೆಯು ೧೭೩೭ರಲ್ಲಿಯೂ, ಬ್ಲೂಮ್‌ಫೀಲ್ಡ್ ಪಂಡಿತರ ವೈದಿಕ ಅನುಕ್ರಮಣಿಕೆಯು ೧೯೦೬ರಲ್ಲಿಯೂ ಹೊರಬಂದುವು. ಇವರೆಲ್ಲರ ಶ್ರಮಕ್ಕೂ ಗುರಿ ಒಂದೇ: ಗ್ರಂಥಕರ್ತನ ಮಾತಿಗೂ ಹುಡುಕುವವನ ಮಾತಿಗೂ ನಡುವೆ ಸೇತುವೆ ಕಟ್ಟುವುದು.

೨

ಇದುವರೆಗೆ ಹೇಳಿದವು ಗ್ರಂಥಗಳೊಳಗಣ ಸೂಚಿಗಳು. ಇಡೀ ಭಂಡಾರದಲ್ಲಿ ಗ್ರಂಥವನ್ನೇ ಹುಡುಕಬೇಕಾದಾಗ ಶೀರ್ಷಿಕೆಯ ಪದಗಳು ಮುಖ್ಯವಾಗುತ್ತವೆ. ಇಟಲಿಯವನಾದ ಅಂಡ್ರಿಯಾ ಕ್ರೆಸ್ಟಡೋರೋ ಎಂಬವನು ಇಂಗ್ಲೆಂಡಿನಲ್ಲಿ ೧೮೫೬ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ, ಗ್ರಂಥಗಳ ಹೆಸರಿನಲ್ಲಿರುವ ಮುಖ್ಯ ಪದಗಳಿಂದಲೇ ಸೂಚಿಯನ್ನು ಮಾಡಬೇಕೆಂದು ವಾದಿಸಿದನು. ಮುಂದೆ ಮ್ಯಾಂಚೆಸ್ಟರಿನ ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಅವನಿಗೆ ಅದನ್ನು ಕಾರ್ಯರೂಪಕ್ಕೆ ತರುವ ಅವಕಾಶವು ದೊರೆಯಿತು.

ಈ ಆಲೋಚನೆಗೆ ಗಣಕಯಂತ್ರದ ಬಲವನ್ನು ಕೊಟ್ಟವನು ಐಬಿಎಂ ಸಂಸ್ಥೆಯಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್. ೧೯೫೮ರಲ್ಲಿ ಅವನು ತೋರಿಸಿಕೊಟ್ಟ ‘ಸಂದರ್ಭಸಹಿತ ಕೀಲಿಪದ’ದ ಸೂಚಿಯಲ್ಲಿ ಲೇಖನದ ಶೀರ್ಷಿಕೆಯ ಒಂದೊಂದು ಅರ್ಥವುಳ್ಳ ಪದವೂ ಸರದಿಯಂತೆ ಸಾಲಿನ ನಡುವೆ ಬಂದು ನಿಲ್ಲುತ್ತಿತ್ತು, ಎಡಬಲಗಳಲ್ಲಿ ಶೀರ್ಷಿಕೆಯ ಉಳಿದ ಪದಗಳಿರುತ್ತಿದ್ದುವು. ಸನ್ಯಾಸಿಗಳನ್ನು ಕಾಡಿದ್ದ ತೊಡಕಿಗೆ ಇದು ಒಂದು ಅಂದವಾದ ಪರಿಹಾರ. ಆದರೆ ಇದರಿಂದ ಲೇಖಕನ ಮೇಲೆ ಹೊಸದೊಂದು ಹೊಣೆಯು ಬಿದ್ದಿತು. ಶೀರ್ಷಿಕೆಯಲ್ಲಿ ವಿಷಯದ ಹೆಸರಿಲ್ಲದಿದ್ದರೆ ಆ ಲೇಖನವು ಸೂಚಿಯಲ್ಲಿದ್ದರೂ ಯಾರ ಕಣ್ಣಿಗೂ ಬೀಳದು.

ಅದೇ ವರ್ಷ ಲೂನ್ ಮತ್ತೊಂದು ಮಾತನ್ನೂ ಹೇಳಿದನು: ಒಂದು ಲೇಖನದಲ್ಲಿ ಅತಿ ಹೆಚ್ಚಾಗಿ ಬರುವ ಪದಗಳೂ ಅತಿ ವಿರಳವಾಗಿ ಬರುವ ಪದಗಳೂ ಅದರ ವಿಷಯವನ್ನು ತಿಳಿಸಲಾರವು, ಇವೆರಡರ ನಡುವಣವೇ ತಿಳಿಸುವುವು. ೧೯೭೨ರಲ್ಲಿ ಇಂಗ್ಲೆಂಡಿನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಎಂಬಾಕೆಯು, ಎಲ್ಲ ಲೇಖನಗಳಲ್ಲಿಯೂ ಬರುವ ಪದಕ್ಕೆ ಬೆಲೆ ಕಡಿಮೆ, ಕೆಲವರಲ್ಲಿಯೇ ಬರುವ ಪದಕ್ಕೆ ಬೆಲೆ ಹೆಚ್ಚು ಎಂಬುದನ್ನು ಗಣಿತರೀತಿಯಿಂದ ಪ್ರತಿಪಾದಿಸಿದಳು. ಸಾಹಿತ್ಯಪತ್ರಿಕೆಯೊಂದರ ಸಂಚಿಕೆಗಳಲ್ಲಿ ‘ಸಾಹಿತ್ಯ’ ಎಂಬ ಪದವನ್ನು ಹುಡುಕಿದರೆ ಏನೂ ಪ್ರಯೋಜನವಿಲ್ಲ. ‘ತ್ರಿಪದಿ’ ಎಂದು ಹುಡುಕಿದರೆ ಉಂಟು. ಇದೇ ಆಕೆಯ ತತ್ತ್ವದ ತಿರುಳು.

೩

ಇನ್ನು ಪತ್ರಿಕಾ ಪ್ರಕಟಣೆಯ ವಿಚಾರ. ೧೯೦೬ನೆಯ ಅಕ್ಟೋಬರ್ ೨೮ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ರೈಲುಬಂಡಿಯೊಂದು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನರು ಮಡಿದರು. ಇಂಥ ಸುದ್ದಿಯನ್ನು ಮುಚ್ಚಿಡುವುದು ಆಗಿನ ಕಂಪೆನಿಗಳ ವಾಡಿಕೆ. ಪೆನ್ಸಿಲ್ವೇನಿಯಾ ರೈಲುಕಂಪೆನಿಯ ಪರವಾಗಿ ಕೆಲಸಮಾಡುತ್ತಿದ್ದ ಐವಿ ಲೀ ಎಂಬವನು ಅದಕ್ಕೆ ವಿರುದ್ಧವಾಗಿ, ನಡೆದುದನ್ನು ಬರೆದು ಪತ್ರಿಕೆಗಳಿಗೆ ಹಂಚಿಸಿದನು. ಇದನ್ನೇ ಮೊದಲನೆಯ ಪತ್ರಿಕಾ ಪ್ರಕಟಣೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಏನು, ಎಲ್ಲಿ, ಎಂದು, ಯಾರಿಗೆ ಎಂಬುವನ್ನು ಮೊದಲಲ್ಲಿಯೇ ಹೇಳಿಬಿಡುವುದು ಈ ಬಗೆಯ ಬರವಣಿಗೆಯಲ್ಲಿ ರೂಢವಾಯಿತು. ಅವಸರದಲ್ಲಿರುವ ಸಂಪಾದಕನು ಮೊದಲ ಎರಡು ಸಾಲುಗಳನ್ನು ಮಾತ್ರ ಓದುವನೆಂಬುದೇ ಅದಕ್ಕೆ ಕಾರಣ. ತಂತಿಯ ಮೂಲಕ ಪ್ರಕಟಣೆಗಳನ್ನು ಹಂಚುವ ಸಂಸ್ಥೆಗಳು ಅಮೆರಿಕದಲ್ಲಿ ೧೯೫೪ರಲ್ಲಿಯೂ ೧೯೬೧ರಲ್ಲಿಯೂ ಸ್ಥಾಪಿತವಾದುವು.

೧೯೯೦ರ ದಶಕದಲ್ಲಿ ಅಂತರಜಾಲವು ವ್ಯಾಪಿಸಿದ ಮೇಲೆ ಈ ಎರಡು ಧಾರೆಗಳು ಕೂಡಿಕೊಂಡುವು. ಪ್ರಕಟಣೆಯನ್ನು ಮೊದಲು ಓದುವವನು ಈಗ ಸಂಪಾದಕನಲ್ಲ, ಶೋಧಯಂತ್ರ. ಪುಟದ ಮೇಲೆ ಕಾಣದಂತೆ ಕೀಲಿಪದಗಳ ಪಟ್ಟಿಯೊಂದನ್ನು ಒಳಗಡೆ ಬರೆದಿಡುವ ಏರ್ಪಾಡೂ ಆಗ ಬಂದಿತು. ಇದು ಗ್ರಂಥಭಂಡಾರದ ವಿಷಯಸೂಚಿಯಂತೆಯೇ ಸದುದ್ದೇಶದಿಂದ ಹುಟ್ಟಿದುದು. ಆದರೆ ಗ್ರಂಥಭಂಡಾರದಲ್ಲಿ ಸೂಚಿಯನ್ನು ಬರೆಯುವವನು ಗ್ರಂಥಪಾಲಕ; ಇಲ್ಲಿ ಬರೆಯುವವನು ಸ್ವತಃ ಮಾರುವವನು. ಓದುಗನ ಕಣ್ಣಿಗೆ ಬೀಳದ ಆ ಎಡೆಯಲ್ಲಿ ಜನರು ವಿಷಯಕ್ಕೆ ಸಂಬಂಧವೇ ಇಲ್ಲದ ಪದಗಳನ್ನು ತುಂಬಿದರು. ಪರಿಣಾಮವೇನಾಯಿತೆಂದರೆ, ಪುಟಗಳಿಗೆ ತರತಮವನ್ನು ಕಟ್ಟುವಾಗ ಆ ಪಟ್ಟಿಯನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ೨೦೦೯ರಲ್ಲಿ ಗೂಗಲ್ ಸಂಸ್ಥೆಯು ಬಹಿರಂಗವಾಗಿ ಸಾರಿತು.

ಕಾಣುವ ಬರಹದ ಪಾಡೂ ಹೀಗೆಯೇ ಆಯಿತು. ಒಂದು ಪುಟಕ್ಕೆ ಬೇರೆ ಪುಟಗಳು ಕೊಂಡಿಯಿಟ್ಟರೆ ಅದನ್ನು ಆ ಪುಟಕ್ಕೆ ದೊರೆತ ಮನ್ನಣೆಯೆಂದು ಶೋಧಯಂತ್ರವು ಎಣಿಸುತ್ತಿತ್ತು. ಇದನ್ನರಿತವರು ಲೇಖನಗಳನ್ನು ಉಚಿತವಾಗಿ ಹಂಚುವ ತಾಣಗಳಲ್ಲಿ ಸಣ್ಣ ಸಣ್ಣ ಬರಹಗಳನ್ನು ಸೇರಿಸಿ, ಕೊನೆಯಲ್ಲಿ ತಮ್ಮ ಅಂಗಡಿಗೆ ಕೊಂಡಿಯನ್ನಿಡತೊಡಗಿದರು. ನೂರು ಪದಕ್ಕೆ ಇಷ್ಟು ಸಲ ಕೀಲಿಪದವು ಬರಬೇಕೆಂಬ ಲೆಕ್ಕಾಚಾರವು ಹುಟ್ಟಿತು. ಒಂದೇ ಲೇಖನದ ಪದಗಳನ್ನು ಪರ್ಯಾಯಪದಗಳಿಂದ ಬದಲಿಸಿ ಹತ್ತಾಗಿ ಮಾಡುವ ಉಪಾಯಗಳೂ ಬಂದುವು. ೨೦೦೬ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯೂ ಕಂಪೆನಿಯ ಜರ್ಮನ್ ತಾಣದಲ್ಲಿ ‘ಬಳಸಿದ ಕಾರು’ ಎಂಬರ್ಥದ ಪದವನ್ನು ಮೇಲಿಂದ ಮೇಲೆ ತುರುಕಿದ, ಯಂತ್ರಕ್ಕೆ ಒಂದನ್ನು ಓದುಗನಿಗೆ ಇನ್ನೊಂದನ್ನು ತೋರಿಸುವ ಪುಟಗಳು ಸಿಕ್ಕಿಬಿದ್ದುವು. ಗೂಗಲ್ ಆ ತಾಣವನ್ನೇ ತನ್ನ ಸೂಚಿಯಿಂದ ತೆಗೆದುಹಾಕಿ, ಅಂಥ ಪುಟಗಳು ಹೋದ ಮೇಲೆ ಮರಳಿ ಸೇರಿಸಿಕೊಂಡಿತು.

ಇದಕ್ಕಿಂತ ವ್ಯಾಪಕವಾದ ಶಿಕ್ಷೆಯು ೨೦೧೧ರ ಫೆಬ್ರವರಿಯಲ್ಲಿ ಬಂದಿತು. ‘ಪಾಂಡಾ’ ಎಂದು ಹೆಸರಾದ ಆ ಬದಲಾವಣೆಯು ಅಮೆರಿಕದಲ್ಲಿ ನಡೆಯುವ ಶೋಧಗಳಲ್ಲಿ ನೂರಕ್ಕೆ ೧೧.೮ರಷ್ಟರ ಮೇಲೆ ಪರಿಣಾಮವನ್ನುಂಟುಮಾಡಿತೆಂದು ಗೂಗಲ್ ತಿಳಿಸಿತು. ಸತ್ತ್ವವಿಲ್ಲದ ಲೇಖನಗಳನ್ನು ರಾಶಿಹಾಕಿದ್ದ ತಾಣಗಳು ಅದರಿಂದ ಕೆಳಕ್ಕಿಳಿದುವು. ಕೀಲಿಪದಗಳನ್ನೇ ಕೊಂಡಿಗಳನ್ನಾಗಿ ಮಾಡಿ ಪತ್ರಿಕಾ ಪ್ರಕಟಣೆಗಳಲ್ಲಿಯೂ ಹಂಚುವ ಲೇಖನಗಳಲ್ಲಿಯೂ ತುಂಬುವುದು ನಿಯಮಬಾಹಿರವೆಂದು ೨೦೧೩ರಲ್ಲಿ ಸ್ಪಷ್ಟವಾಗಿ ಹೇಳಲ್ಪಟ್ಟಿತು.

ಈ ಇತಿಹಾಸದಿಂದ ಒಂದು ಸಂಗತಿಯು ಗೊತ್ತಾಗುತ್ತದೆ. ಹುಡುಕುವವನಿಗೆ ನೆರವಾಗಲೆಂದು ಇಟ್ಟಿದ್ದ ಎಡೆಯನ್ನು ಬರೆಯುವವನು ವಂಚನೆಗೆ ಉಪಯೋಗಿಸಿದಾಗಲೆಲ್ಲ ಆ ಎಡೆಯು ನಂಬಿಕೆಯನ್ನು ಕಳೆದುಕೊಂಡಿದೆ. ಅದರ ನಷ್ಟವನ್ನು ಪ್ರಾಮಾಣಿಕರೂ ಹೊರಬೇಕಾಗಿ ಬಂದಿದೆ. ಕೀಲಿಪದವು ಓದುಗನಿಗೆ ಕೊಟ್ಟ ಭಾಷೆಯಂತೆ. ಪುಟದೊಳಗೆ ಆ ವಿಷಯವು ನಿಜವಾಗಿಯೂ ಇದ್ದರೆ ಮಾತ್ರ ಅದು ಸಂದಂತೆ.

೪

ಇಷ್ಟರಿಂದ ನಾವು ಕೀಲಿಪದದ ಗೊಡವೆಯೇ ಬೇಡವೆನ್ನಬಾರದು. ನಮ್ಮವರ ತಪ್ಪು ಇದಕ್ಕೆ ವಿಪರೀತವಾದುದು: ವ್ಯಾಪಾರಿಯು ಪದವನ್ನು ಅತಿಯಾಗಿ ತುರುಕಿದನು, ವಿದ್ವಾಂಸನು ಇಡಲೇ ಇಲ್ಲ. ಶೀರ್ಷಿಕೆಯು ಕಾವ್ಯಮಯವಾಗಿರಬೇಕೆಂಬ ಹಂಬಲದಿಂದ ಕವಿಯ ಹೆಸರನ್ನೂ ಕೃತಿಯ ಹೆಸರನ್ನೂ ಬಿಟ್ಟ ಲೇಖನಗಳು ನಮ್ಮಲ್ಲಿ ಅಪರೂಪವಲ್ಲ. ಅಂಥ ಲೇಖನವು ಹತ್ತು ವರ್ಷಗಳ ಪರಿಶ್ರಮದ ಫಲವಾಗಿದ್ದರೂ ಅದನ್ನು ಹುಡುಕುವ ವಿದ್ಯಾರ್ಥಿಗೆ ಸಿಕ್ಕದು.

ಕನ್ನಡದಲ್ಲಿ ಈ ಕಷ್ಟವು ಇಮ್ಮಡಿಯಾಗಿದೆ. ಮೊದಲನೆಯದಾಗಿ, ಇಂಗ್ಲಿಷಿನಲ್ಲಿ ಪದದಿಂದ ಬೇರೆಯಾಗಿ ನಿಲ್ಲುವ ಸಂಬಂಧಸೂಚಕಗಳು ನಮ್ಮಲ್ಲಿ ವಿಭಕ್ತಿಪ್ರತ್ಯಯಗಳಾಗಿ ಪದಕ್ಕೆ ಅಂಟಿಕೊಳ್ಳುತ್ತವೆ. ‘ಶಾಸನ’ವು ಶಾಸನದ, ಶಾಸನಕ್ಕೆ, ಶಾಸನಗಳಲ್ಲಿ ಎಂದಾಗುತ್ತದೆ. ಇಲ್ಲಿ ಪದದ ಮೊದಲಾದರೂ ಉಳಿಯುತ್ತದೆ. ಆದೇಶಸಂಧಿಯಲ್ಲಿ ಅದೂ ಉಳಿಯದು. ‘ಹಳಗನ್ನಡ’, ‘ನಡುಗನ್ನಡ’ ಎಂಬ ಪದಗಳಲ್ಲಿ ಕಕಾರವು ಗಕಾರವಾಗಿರುವುದರಿಂದ, ಅಕ್ಷರಕ್ಕೆ ಅಕ್ಷರವನ್ನು ಹೊಂದಿಸಿ ನೋಡುವ ಯಂತ್ರಕ್ಕೆ ಅವುಗಳೊಳಗೆ ‘ಕನ್ನಡ’ವೇ ಕಾಣುವುದಿಲ್ಲ. ಕೇಶಿರಾಜನ ಸೂತ್ರಗಳನ್ನು ಓದಿದವನಿಗೆ ಸುಲಭವಾದುದು ಯಂತ್ರಕ್ಕೆ ಕಠಿನವಾಗಿದೆ. ಶೋಧಯಂತ್ರಗಳು ಈಚೆಗೆ ಸುಧಾರಿಸಿವೆ. ೨೦೧೯ರಲ್ಲಿ ಗೂಗಲ್ ಬಳಕೆಗೆ ತಂದ ‘ಬರ್ಟ್’ ಎಂಬ ಕ್ರಮದಲ್ಲಿ, ಹಿಂದೆ ತಳ್ಳಿಬಿಡುತ್ತಿದ್ದ ಚಿಕ್ಕ ಚಿಕ್ಕ ಸಂಬಂಧಸೂಚಕ ಪದಗಳಿಗೂ ವಾಕ್ಯದಲ್ಲಿ ಬೆಲೆ ದೊರೆಯಿತು. ಆದರೂ ಪುಸ್ತಕಭಂಡಾರಗಳ ಸರಳವಾದ ಸೂಚಿಗಳಿಗೆ ಲೇಖಕನೇ ನೆರವಾಗಬೇಕು.

ಎರಡನೆಯದು ಹೆಸರುಗಳ ಬಹುತ್ವ. ಪಂಪಭಾರತವೂ ವಿಕ್ರಮಾರ್ಜುನವಿಜಯವೂ ಒಂದೇ ಗ್ರಂಥ. ಕುಮಾರವ್ಯಾಸಭಾರತ, ಗದುಗಿನ ಭಾರತ, ಕರ್ಣಾಟ ಭಾರತ ಕಥಾಮಂಜರಿ ಇವು ಮೂರೂ ಒಂದೇ. ಕರ್ಣಾಟಕ, ಕರ್ನಾಟಕ ಎಂಬ ಎರಡು ಬರಹಗಳಿವೆ. ೧೯೭೩ಕ್ಕೆ ಮುಂಚಿನ ಸರಕಾರೀ ಕಾಗದಗಳಲ್ಲಿ ನಮ್ಮ ರಾಜ್ಯವನ್ನು ಹುಡುಕುವವನು ಮೈಸೂರು ರಾಜ್ಯವೆಂದು ಹುಡುಕಬೇಕು. ಒಂದು ಹೆಸರನ್ನೇ ಬಳಸಿ ಬರೆದ ಲೇಖನವು ಇನ್ನೊಂದು ಹೆಸರಿನಿಂದ ಕೇಳುವವನಿಗೆ ದೂರವಾಗುತ್ತದೆ.

ಮೂರನೆಯದು ಲಿಪಿಯ ತೊಡಕು. ೧೯೯೧ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವು ದೊರೆತಿದ್ದರೂ, ಬಹುಕಾಲ ನಮ್ಮ ಬರಹಗಳು ಬೇರೆ ಬೇರೆ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದುವು. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಅಂಥ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವವರೆಗೆ ಯಾವ ಕೀಲಿಪದವೂ ಅದನ್ನು ತೆರೆಯಲಾರದು.

೫

ಆದುದರಿಂದ ಲೇಖಕರೂ ಸಂಪಾದಕರೂ ಈ ಕೆಲವು ಅಂಶಗಳನ್ನು ಗಮನದಲ್ಲಿಡುವುದು ಲೇಸು. ಶೀರ್ಷಿಕೆಯಲ್ಲಿ ವಿಷಯದ, ಕವಿಯ, ಇಲ್ಲವೆ ಕೃತಿಯ ಹೆಸರು ಬಿಡಿಯಾಗಿ ಒಮ್ಮೆಯಾದರೂ ಇರಲಿ. ಅಲಂಕಾರದ ಮಾತು ಬೇಕಾದರೆ ಉಪಶೀರ್ಷಿಕೆಯಾಗಲಿ. ಮೊದಲ ಪರಿಚ್ಛೇದದಲ್ಲಿ ಸ್ಥಳ, ಕಾಲ, ವಿಷಯಗಳನ್ನು ತಿಳಿಸಬೇಕು. ಪರ್ಯಾಯ ಹೆಸರುಗಳಿದ್ದರೆ ಅವನ್ನು ಒಂದು ವಾಕ್ಯದಲ್ಲಿ ಸಹಜವಾಗಿ ಹೇಳಬೇಕು. ಮುಖ್ಯ ಪದವು ಪ್ರತ್ಯಯವಿಲ್ಲದ ರೂಪದಲ್ಲಿಯೂ ಎಲ್ಲಿಯಾದರೂ ಬಂದಿರಬೇಕು. ಸಮ್ಮೇಳನದ ಇಲ್ಲವೆ ಗ್ರಂಥಬಿಡುಗಡೆಯ ಪ್ರಕಟಣೆಯನ್ನು ಪತ್ರಿಕೆಗಳಿಗೆ ಕಳುಹಿಸುವಾಗಲೂ ಇದೇ ಕ್ರಮ: ಅತಿಥಿಗಳ ಬಿರುದಾವಳಿಯಿಂದ ಆರಂಭಿಸದೆ, ಗ್ರಂಥದ ಹೆಸರಿನಿಂದಲೂ ವಿಷಯದಿಂದಲೂ ಆರಂಭಿಸಬೇಕು. ಇಷ್ಟಾದ ಮೇಲೆ ಆ ಪದವನ್ನು ಮತ್ತೆ ಮತ್ತೆ ಎಣಿಸುವ ಅಗತ್ಯವಿಲ್ಲ. ವಿಷಯವನ್ನು ನಿಜವಾಗಿ ವಿವೇಚಿಸಿದ ಬರಹದಲ್ಲಿ ಅದು ಬೇಕಾದಷ್ಟು ಸಲ ತಾನಾಗಿಯೇ ಬರುತ್ತದೆ.

ಇಲ್ಲಿ ಹೇಳಿದುದು ಹೊಸದೇನೂ ಅಲ್ಲ. ಪದಾನುಕ್ರಮಣಿಕೆಗಾಗಿ ವರ್ಷಗಟ್ಟಲೆ ಚೀಟಿಗಳನ್ನು ಜೋಡಿಸಿದವರು, ತಾವು ಕಾಣದ ಓದುಗನೊಬ್ಬನು ಮುಂದೆಂದೋ ಯಾವ ಪದವನ್ನು ಹಿಡಿದು ಬರುವನೆಂದು ಯೋಚಿಸಿದರು. ಬರೆಯುವವನು ಅದೇ ಯೋಚನೆಯನ್ನು ತನ್ನ ಲೇಖನದ ವಿಷಯದಲ್ಲಿ ಮಾಡಿದರೆ ಸಾಕು. ನಮ್ಮ ಹಳೆಯ ಸಂಚಿಕೆಗಳನ್ನು ಅಂತರಜಾಲಕ್ಕೆ ಏರಿಸುವ ಕಾರ್ಯದಲ್ಲಿರುವವರು ಈ ದೃಷ್ಟಿಯಿಂದ ಅವುಗಳ ಶೀರ್ಷಿಕೆಗಳಿಗೆ ವಿಷಯಸೂಚಿಯನ್ನು ಒದಗಿಸಿದರೆ, ಎಷ್ಟೋ ಮಂದಿ ಹಿರಿಯರ ಪರಿಶ್ರಮವು ಮತ್ತೆ ಬೆಳಕಿಗೆ ಬಂದೀತು.