ಮಾವ, ಅಳಿಯ ಮತ್ತು ಖಾಲ್: ಮಕ್ಕಳಿಗೆ ಹೇಳಬೇಕಾದ ಕುಟುಂಬದ ಇತಿಹಾಸ

"ಮನೆಯಲ್ಲಿ ಯಾರು ಯಾರು ಇದ್ದೀರಿ?" ಮಗುವನ್ನು ಪರೀಕ್ಷಿಸುವ ಮುನ್ನ ವೈದ್ಯರಾದ ನಾವು ಕೇಳುವ ಪ್ರಶ್ನೆಯಿದು. ಕತಾರಿನ ಕನ್ನಡ ಮಕ್ಕಳ ಉತ್ತರಗಳು ಒಂದೇ ತೆರನಾಗಿರುವುದಿಲ್ಲ. ಒಬ್ಬನ ಅಕ್ಕ ಊರಿನಲ್ಲಿ ಅಜ್ಜಿಯೊಡನೆ ಓದುತ್ತಾಳೆ. ಇನ್ನೊಬ್ಬಳ ತಾಯಿ ರಾತ್ರಿ ಪಾಳಿಯ ನರ್ಸ್; ಅಡುಗೆ ತಂದೆಯದು. ಮತ್ತೊಂದು ಮಗು ರಜೆಯಲ್ಲಷ್ಟೇ ಅಪ್ಪನನ್ನು ಕಾಣುತ್ತದೆ. ಹೀಗೆ ಹೇಳುವಾಗ ಕೆಲವು ಮಕ್ಕಳ ದನಿ ತಗ್ಗುತ್ತದೆ. ಚಿತ್ರಪುಸ್ತಕದ ಅಪ್ಪ, ಅಮ್ಮ, ಇಬ್ಬರು ಮಕ್ಕಳ ಮನೆಯೇ ಸರಿಯಾದುದೆಂಬ ಅಳುಕು ಅದು. ಈ ಅಳುಕಿಗೆ ನಮ್ಮ ಇತಿಹಾಸದಲ್ಲಿಯೇ ಮದ್ದುಂಟು.

ಕರಾವಳಿಯ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ತಲೆಮಾರುಗಳ ಕಾಲ ಅಳಿಯಸಂತಾನ ಪದ್ಧತಿಯಿತ್ತು. ಭೂತಾಳ ಪಾಂಡ್ಯನೆಂಬ ಅರಸ ಅದನ್ನು ವಿಧಿಸಿದನೆಂದು ಐತಿಹ್ಯ. ಮಗು ಸೇರುತ್ತಿದ್ದುದು ತಾಯಿಯ ಕುಟುಂಬಕ್ಕೆ. 'ಬಳಿ' ಎಂಬ ವಂಶದ ಗುರುತೂ ತಾಯಿಯಿಂದಲೇ. ಮಾವನ ತರುವಾಯ ಹೊಣೆ ಹೊರುತ್ತಿದ್ದವನು ಅವನ ಮಗನಲ್ಲ, ಸೋದರಿಯ ಮಗನಾದ ಅಳಿಯ. ಹಿರಿಯ ಹೆಂಗಸು ಯಜಮಾನ್ತಿಯಾಗಿ ಮನೆತನ ನಡೆಸುವುದಕ್ಕೂ ಅವಕಾಶವಿತ್ತು. ಇದೇ ನಾಡಿನ ಕೊಡಗಿನಲ್ಲಿಯಾದರೋ ಒಕ್ಕ ತಂದೆಯ ಕಡೆಯಿಂದ ಸಾಗುತ್ತದೆ. ಐನ್‌ಮನೆ ಅದರ ಕೇಂದ್ರ.

ಅಳಿಯಸಂತಾನದಲ್ಲಿ ಎಲ್ಲವೂ ಸುಗಮವಾಗಿತ್ತೆಂದು ಮಕ್ಕಳಿಗೆ ಹೇಳಬೇಕಾಗಿಲ್ಲ. ತಂದೆಯ ಮಮತೆ ಒಂದು ಕಡೆ, ಆಸ್ತಿಯ ಕಟ್ಟಳೆ ಇನ್ನೊಂದು ಕಡೆ ಎಳೆಯುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳುವ ಹಕ್ಕು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇನ್ನಷ್ಟು ಬದಲಾವಣೆ ತಂದಿತು. ಆಸ್ತಿಯ ನಿಯಮ ಬದಲಾದರೂ ಬಂಟರ ಮನೆಗಳಲ್ಲಿ ಬಳಿ ಇಂದಿಗೂ ತಾಯಿಯದೇ.

ನಾವು ನೆಲೆಸಿರುವ ಈ ನೆಲದ ಕಥೆಯೂ ಕೇಳತಕ್ಕದ್ದು. ತೈಲಕ್ಕೆ ಮುನ್ನ ಕತಾರಿನ ಜೀವನಾಧಾರ ಮುತ್ತು. ಬೇಸಗೆಯಲ್ಲಿ ಸುಮಾರು 4 ತಿಂಗಳು ಗಂಡಸರು ಹಡಗುಗಳಲ್ಲಿರುತ್ತಿದ್ದರು. ದಡದಲ್ಲಿ ಸಂಸಾರವನ್ನು ನಡೆಸುತ್ತಿದ್ದವರು ಹೆಂಗಸರು. ಜಪಾನಿನ ಕೃಷಿಮುತ್ತು ಈ ವ್ಯಾಪಾರವನ್ನು ಕುಗ್ಗಿಸಿತು. 1939-40ರ ವೇಳೆಗೆ ದುಖಾನ್‌ನಲ್ಲಿ ತೈಲ ದೊರೆಯಿತು. ದುಡಿಮೆಗಾಗಿ ದೂರವಿರುವ ತಂದೆ ಈ ನೆಲಕ್ಕೆ ಹೊಸಬನಲ್ಲ.

ಮಕ್ಕಳು ಶಾಲೆಯಲ್ಲಿ ಕಲಿಯುವ ಅರಬ್ಬೀ ಭಾಷೆಯೂ ನಮಗೆ ನೆರವಾದೀತು. ಇಂಗ್ಲಿಷಿನ 'ಅಂಕಲ್' ಎಲ್ಲರನ್ನೂ ಒಂದೇ ಮಾಡುತ್ತದೆ. ಅರಬ್ಬಿಯಲ್ಲಿ ತಂದೆಯ ಸೋದರ 'ಅಮ್', ತಾಯಿಯ ಸೋದರ 'ಖಾಲ್'. ನಮ್ಮಲ್ಲಿ ಚಿಕ್ಕಪ್ಪ, ದೊಡ್ಡಪ್ಪ ಬೇರೆ, ಸೋದರಮಾವ ಬೇರೆ. ಅರಬ್ಬಿಯ 'ಅಮ್ಮ' ಎಂದರೆ ಅತ್ತೆ ಎಂದು ಹೇಳಿದರೆ ಮಕ್ಕಳು ನಗದೆ ಇರರು!

ಆದುದರಿಂದ ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಗು ಕುಟುಂಬದ ಚಿತ್ರ ಬರೆಯುವಾಗ ಊರಿನ ಅಜ್ಜಿಯನ್ನೂ, ದೂರದ ಅಪ್ಪನನ್ನೂ ಹಾಳೆಯಿಂದ ಹೊರಗಿಡದಿರೋಣ. ಅವರು ಏಕೆ ದೂರವಿದ್ದಾರೆ, ಮನೆಗಾಗಿ ಏನು ಮಾಡುತ್ತಾರೆ ಎಂಬುದನ್ನು ಹೇಳೋಣ. ಮನೆಯ ಆಕಾರ ಬದುಕಿನ ಅಗತ್ಯದಂತೆ ಬದಲಾಗುತ್ತಲೇ ಬಂದಿದೆ. ಇದನ್ನು ತಿಳಿದ ಮಗು ತನ್ನ ಮನೆಯ ಬಗ್ಗೆ ನಾಚುವುದಿಲ್ಲ, ಗೆಳೆಯನ ಮನೆಯನ್ನು ಹಳಿಯುವುದೂ ಇಲ್ಲ.